ವ್ಯಸನಮುಕ್ತಿಯ ನಾಲ್ಕು ಮೆಟ್ಟಿಲುಗಳು

ವಿಭೂತಿ ಬುಧವಾರದಂದು ಹಣೆಗೆ ಬೂದಿ ಹಚ್ಚಿಸಿಕೊಂಡು, ‘ಇಂದಿನಿಂದ ಈಸ್ಟರ್ ಹಬ್ಬದವರೆಗೆ ಒಂದು ಹನಿಯನ್ನೂ ಮುಟ್ಟುವುದಿಲ್ಲ’ ಎಂದು ಸಂಕಲ್ಪ ಮಾಡುವವರು ನಮ್ಮ ಧರ್ಮಕೇಂದ್ರಗಳಲ್ಲಿ ಅನೇಕರಿದ್ದಾರೆ. ಈ ಸಂಕಲ್ಪ ಶ್ಲಾಘನೀಯವೇ. ಆದರೆ ಹಲವು ವರ್ಷಗಳಿಂದ ದಿನವೂ ವಿಪರೀತವಾಗಿ ಕುಡಿಯುತ್ತ ಬಂದವನು ವೈದ್ಯರ ನೆರವಿಲ್ಲದೆ ಒಮ್ಮೆಲೇ ನಿಲ್ಲಿಸಿದರೆ ಅವನ ಪ್ರಾಣಕ್ಕೇ ಅಪಾಯ ಒದಗಬಹುದೆಂಬ ಸಂಗತಿ ಬಹಳ ಕುಟುಂಬಗಳಿಗೆ ತಿಳಿದಿಲ್ಲ. ಹಾಗೆಯೇ, ಹತ್ತು ದಿನ ಆಸ್ಪತ್ರೆಯಲ್ಲಿದ್ದು ಬಂದವನು ಪೂರ್ಣ ಗುಣವಾದನೆಂದು ನಂಬಿ, ಮುಂದಿನ ತಿಂಗಳು ಅವನು ಮತ್ತೆ ಕುಡಿದಾಗ ‘ಇವನು ಸುಧಾರಿಸುವವನಲ್ಲ’ ಎಂದು ಕೈಚೆಲ್ಲುವವರೂ ಕಡಿಮೆಯಿಲ್ಲ. ಈ ಎರಡೂ ತಪ್ಪುಗಳ ಮೂಲ ಒಂದೇ: ಚಿಕಿತ್ಸೆಗೆ ಹಂತಗಳಿವೆ ಎಂಬ ಅರಿವಿನ ಕೊರತೆ.

ಕೇಂದ್ರ ಸರಕಾರವು 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 5.7 ಕೋಟಿ ಜನರು ಕುಡಿತದಿಂದ ತೊಂದರೆಗೊಳಗಾಗಿದ್ದರು. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತಿತ್ತು. ಉಳಿದವರ ಕಥೆ ಮನೆಯ ನಾಲ್ಕು ಗೋಡೆಗಳೊಳಗೇ ಮುಗಿಯುತ್ತದೆ.

ಮೊದಲ ಮೆಟ್ಟಿಲು: ಒಪ್ಪಿಕೊಳ್ಳುವುದು

‘ನಾನು ಬೇಕೆಂದಾಗ ಬಿಡಬಲ್ಲೆ’ ಎನ್ನುವುದು ವ್ಯಸನಿಯ ನಿತ್ಯದ ಮಾತು. ಮನೆಯವರೂ ತಿಳಿಯದೆ ಈ ಭ್ರಮೆಗೆ ನೀರೆರೆಯುತ್ತಾರೆ. ಹೆಂಡತಿ ಕಚೇರಿಗೆ ಫೋನ್ ಮಾಡಿ ‘ಅವರಿಗೆ ಜ್ವರ’ ಎನ್ನುತ್ತಾಳೆ. ತಾಯಿ ಗುಟ್ಟಾಗಿ ಸಾಲ ತೀರಿಸುತ್ತಾಳೆ. ಮಗಳ ಮದುವೆ ಪ್ರಸ್ತಾಪಕ್ಕೆ ಅಡ್ಡಿಯಾದೀತೆಂದು ಧರ್ಮಗುರುಗಳಿಗೂ ವಾಳೆಯ ಗುರಿಕಾರರಿಗೂ ವಿಷಯ ತಿಳಿಯದಂತೆ ಮುಚ್ಚಿಡಲಾಗುತ್ತದೆ. ಹೀಗೆ ಮುಚ್ಚಿದಷ್ಟೂ ರೋಗ ಬಲಿಯುತ್ತದೆ.

ಅಮಲಿನಲ್ಲಿರುವವನೊಡನೆ ರಾತ್ರಿ ವಾದಿಸಿ ಪ್ರಯೋಜನವಿಲ್ಲ. ಬೆಳಿಗ್ಗೆ ಅವನು ಸ್ವಸ್ಥನಾಗಿರುವಾಗ, ನಿಂದಿಸದೆ, ನಡೆದ ಸಂಗತಿಯನ್ನು ಮಾತ್ರ ಮುಂದಿಡಬೇಕು: ಶಾಲೆಯ ಶುಲ್ಕದ ಹಣ ಏನಾಯಿತು, ಮಗು ಯಾಕೆ ಹೆದರಿತು ಎಂದು. ಯಕೃತ್ತಿನ ಪರೀಕ್ಷೆಯ ನೆಪದಲ್ಲಾದರೂ ವೈದ್ಯರನ್ನು ಕಾಣಲು ಒಪ್ಪಿದರೆ ಅದೇ ದೊಡ್ಡ ಹೆಜ್ಜೆ. ಮನೆಯಲ್ಲಿ ಹಿಂಸೆ ನಡೆಯುತ್ತಿದ್ದರೆ ಹೆಂಡತಿ ಮಕ್ಕಳ ಸುರಕ್ಷತೆಯೇ ಮೊದಲು. ಪೆಟ್ಟು ತಿನ್ನುತ್ತ ಮೌನವಾಗಿರುವುದು ಶಿಲುಬೆ ಹೊರುವುದಲ್ಲ.

‘ಕುಡುಕನಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಡುವ ಔಷಧಿ’ಯ ಜಾಹೀರಾತುಗಳಿಗೆ ಯಾರೂ ಮರುಳಾಗಬಾರದು. ಡೈಸಲ್ಫಿರಾಮ್ ಎಂಬ ಮಾತ್ರೆ ಹೊಟ್ಟೆಯಲ್ಲಿರುವಾಗ ಮದ್ಯ ಸೇವಿಸಿದರೆ ಮುಖ ಕೆಂಪಾಗಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ರೋಗಿಯ ಒಪ್ಪಿಗೆ ಹಾಗೂ ವೈದ್ಯರ ನಿಗಾ ಇಲ್ಲದೆ ಅದನ್ನು ಕೊಡುವಂತಿಲ್ಲ.

ಎರಡನೆಯ ಮೆಟ್ಟಿಲು: ದೇಹವನ್ನು ವಿಷಮುಕ್ತಗೊಳಿಸುವುದು

ವರ್ಷಗಟ್ಟಲೆ ಮದ್ಯಕ್ಕೆ ಒಗ್ಗಿಹೋದ ಮಿದುಳು, ಅದು ದೊರೆಯದಾಗ ಕೆರಳುತ್ತದೆ. ಕುಡಿತ ನಿಲ್ಲಿಸಿದ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ವಾಂತಿ, ನಿದ್ರಾಹೀನತೆ ಆರಂಭವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಅಪಸ್ಮಾರದಂತಹ ಸೆಳೆತ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಗೋಡೆಯ ಮೇಲೆ ಹುಳುಗಳು ಹರಿದಂತೆ ಕಾಣುತ್ತದೆ, ಇಲ್ಲದ ಧ್ವನಿಗಳು ಕೇಳಿಸುತ್ತವೆ, ತಾನೆಲ್ಲಿದ್ದೇನೆಂಬುದೇ ತಿಳಿಯದಾಗುತ್ತದೆ. ಇದನ್ನು ದೆವ್ವದ ಕಾಟವೆಂದು ಭಾವಿಸಿ ಕಾಲಹರಣ ಮಾಡುವವರಿದ್ದಾರೆ. ಪ್ರಾರ್ಥನೆ ಖಂಡಿತ ಬೇಕು. ಅದನ್ನು ಆಸ್ಪತ್ರೆಯ ಹಾದಿಯಲ್ಲಿಯೇ ಮಾಡೋಣ. ಚಿಕಿತ್ಸೆ ದೊರೆಯದಿದ್ದರೆ ಈ ಸ್ಥಿತಿ ಮಾರಕ.

ಆಸ್ಪತ್ರೆಯಲ್ಲಿ ಮಿದುಳಿನ ಉದ್ರೇಕವನ್ನು ತಗ್ಗಿಸುವ ಡಯಜೆಪಾಮ್ ವರ್ಗದ ಔಷಧಿಯನ್ನು ಕೊಟ್ಟು, ದಿನದಿಂದ ದಿನಕ್ಕೆ ಅದರ ಪ್ರಮಾಣವನ್ನು ಇಳಿಸುತ್ತಾರೆ. ನೆನಪಿನ ಶಕ್ತಿಗೆ ಶಾಶ್ವತ ಹಾನಿಯಾಗದಂತೆ ಥಯಾಮಿನ್ ಎಂಬ ಬಿ1 ಜೀವಸತ್ವವನ್ನೂ ನೀಡುತ್ತಾರೆ. ಸಾಮಾನ್ಯವಾಗಿ ಒಂದು ವಾರದಿಂದ ಹತ್ತು ದಿನಗಳಲ್ಲಿ ಈ ಹಂತ ಮುಗಿಯುತ್ತದೆ.

ಹೆರಾಯಿನ್ ಅಥವಾ ಬ್ರೌನ್ ಶುಗರ್ ವ್ಯಸನಿಗಳಿಗೆ ಮೈಕೈ ನೋವು, ಭೇದಿ, ಕಣ್ಣು ಮೂಗಿನಲ್ಲಿ ನೀರಿಳಿಯುವುದು ಇತ್ಯಾದಿ ಯಾತನೆಗಳಿರುತ್ತವೆ. ಅವರಲ್ಲಿ ಅನೇಕರಿಗೆ ಬ್ಯೂಪ್ರೆನಾರ್ಫಿನ್ ಔಷಧಿಯನ್ನು ದೀರ್ಘಕಾಲ ಮುಂದುವರಿಸಬೇಕಾಗುತ್ತದೆ. ‘ಒಂದು ಅಮಲು ಬಿಡಿಸಲು ಇನ್ನೊಂದು ಅಮಲೇ?’ ಎಂದು ಆಕ್ಷೇಪಿಸಿ ಮನೆಯವರೇ ಅದನ್ನು ನಿಲ್ಲಿಸಬಾರದು. ಕೆಲವು ವಾರ ಬಿಟ್ಟಿದ್ದ ದೇಹವು ಹಳೆಯ ಪ್ರಮಾಣವನ್ನು ತಾಳಲಾರದು. ಮತ್ತೆ ಅಷ್ಟೇ ತೆಗೆದುಕೊಂಡಾಗ ಉಸಿರು ನಿಂತು ಸತ್ತವರು ಅನೇಕರು.

ಮೂರನೆಯ ಮೆಟ್ಟಿಲು: ಮನಸ್ಸಿನ ಚಿಕಿತ್ಸೆ

ದೇಹದಿಂದ ವಿಷ ಹೋದ ಮಾತ್ರಕ್ಕೆ ಆಸೆ ಹೋಗುವುದಿಲ್ಲ. ಸಂಜೆ ಆರು ಗಂಟೆ, ಸಂಬಳದ ದಿನ, ಹಳೆಯ ಗೆಳೆಯ, ಅವಮಾನ, ಒಂಟಿತನ: ಯಾವುದು ತನ್ನನ್ನು ಗ್ಲಾಸಿನೆಡೆಗೆ ಎಳೆಯುತ್ತದೆಂಬುದನ್ನು ವ್ಯಸನಿ ಗುರುತಿಸಬೇಕು, ಆ ಗಳಿಗೆಯನ್ನು ದಾಟುವ ಉಪಾಯವನ್ನು ಕಲಿಯಬೇಕು. ಆಪ್ತಸಲಹೆ, ಗುಂಪುಚರ್ಚೆ, ಕುಟುಂಬದವರೊಡನೆ ಸಮಾಲೋಚನೆ ಇವೆಲ್ಲ ಇದಕ್ಕಾಗಿಯೇ. ಕುಡಿತದ ಹಂಬಲವನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮೊದಲಾದ ಔಷಧಿಗಳೂ ಇವೆ. ಖಿನ್ನತೆಯಂತಹ ಕಾಯಿಲೆ ಜೊತೆಗಿದ್ದರೆ ಅದಕ್ಕೂ ಚಿಕಿತ್ಸೆಯಾಗಬೇಕು. ಗಾಂಜಾ ಬಿಡಿಸಲು ಇಂತಹ ನಿರ್ದಿಷ್ಟ ಔಷಧಿಯಿಲ್ಲ. ಅಲ್ಲಿ ಆಪ್ತಸಲಹೆಯೇ ಮುಖ್ಯ ಆಧಾರ.

1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಇಬ್ಬರು ಕುಡಿತದ ದಾಸರು ಪರಸ್ಪರ ಆಸರೆಯಾಗಿ ಆರಂಭಿಸಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಬಳಗ ಇಂದು ನಮ್ಮ ನಾಡಿನಲ್ಲಿಯೂ ಇದೆ. ಅಲ್ಲಿ ಶುಲ್ಕವಿಲ್ಲ, ಹೆಸರು ಬಹಿರಂಗವಾಗುವುದಿಲ್ಲ. ವ್ಯಸನಿಗಳ ಮನೆಯವರಿಗಾಗಿ 1951ರಲ್ಲಿ ಹುಟ್ಟಿದ ‘ಅಲ್-ಅನಾನ್’ ಕೂಟಗಳೂ ಇವೆ. ಬಳಲಿದ ಹೆಂಡತಿ ಮಕ್ಕಳಿಗೂ ಸಾಂತ್ವನ ಬೇಕಲ್ಲವೇ?

ನಾಲ್ಕನೆಯ ಮೆಟ್ಟಿಲು: ಮರಳಿ ಮನೆಗೆ

ಇದು ಅತ್ಯಂತ ದೀರ್ಘವಾದ ಹಂತ. ಇದು ನಡೆಯಬೇಕಾದುದು ನಮ್ಮ ನಮ್ಮ ಮನೆಗಳಲ್ಲಿ, ನಮ್ಮ ಧರ್ಮಕೇಂದ್ರಗಳಲ್ಲಿ. ರೋಸ್ ಕಾರ್ಯಕ್ರಮದಲ್ಲಿ, ಮದುವೆಯ ಔತಣದಲ್ಲಿ, ಗಲ್ಫ್‌ನಿಂದ ರಜೆಗೆ ಬಂದ ಬಂಧುವಿನ ಮನೆಯಲ್ಲಿ ‘ಇವತ್ತೊಂದು ದಿನ, ಒಂದೇ ಪೆಗ್’ ಎಂದು ಒತ್ತಾಯಿಸುವವರು ತಾವು ಯಾರ ಪ್ರಾಣದೊಡನೆ ಆಡುತ್ತಿದ್ದೇವೆಂಬುದನ್ನು ಯೋಚಿಸಲಿ. ಕ್ರಿಸ್ಮಸ್ಸಿಗೆ ಮನೆಯಲ್ಲಿ ಮಾಡುವ ದ್ರಾಕ್ಷಿ ವೈನ್ ಕೂಡ ಅವನಿಗೆ ವರ್ಜ್ಯ. ಪರಮಪ್ರಸಾದದಲ್ಲಿ ರೊಟ್ಟಿಯ ರೂಪವೊಂದರಲ್ಲಿಯೇ ಕ್ರಿಸ್ತರು ಪರಿಪೂರ್ಣವಾಗಿ ಇರುವುದರಿಂದ, ದ್ರಾಕ್ಷಾರಸವನ್ನು ಸ್ವೀಕರಿಸದಿದ್ದರೆ ಏನೂ ಕೊರತೆಯಾಗದು.

ಇಷ್ಟಾಗಿಯೂ ಕೆಲವರು ಮತ್ತೆ ಎಡವುತ್ತಾರೆ. ಸಕ್ಕರೆ ಕಾಯಿಲೆ ಏರಿದಾಗ ರೋಗಿಯನ್ನು ನಾವು ಮನೆಯಿಂದ ಹೊರಹಾಕುವುದಿಲ್ಲ, ವೈದ್ಯರ ಬಳಿಗೆ ಕರೆದೊಯ್ಯುತ್ತೇವೆ. ಇಲ್ಲಿಯೂ ಹಾಗೆಯೇ. ಹಣದ ವ್ಯವಹಾರ ಅವನ ಕೈಗೆ ಬೇಗನೆ ಬೇಡ; ಆದರೆ ಪ್ರತಿ ಸಂಜೆ ಅವನ ಬಾಯಿಯ ವಾಸನೆ ನೋಡುವುದೂ ಬೇಡ.

ಡಬ್ಲಿನ್ ನಗರದ ಕೂಲಿಕಾರ ಮ್ಯಾಟ್ ಟಾಲ್ಬಟ್ ಬಾಲ್ಯದಿಂದಲೇ ಕುಡಿತಕ್ಕೆ ಬಲಿಯಾದವನು. 1884ರಲ್ಲಿ, 28ರ ಹರೆಯದಲ್ಲಿ, ಅವನು ಕುಡಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದ್ದು ಮೂರು ತಿಂಗಳಿಗೆ ಮಾತ್ರ. ಅದನ್ನು ನವೀಕರಿಸಿದ, ಕೊನೆಗೆ ಜೀವನಪರ್ಯಂತ ಎಂದ. ಮದ್ಯದಂಗಡಿಯ ಆಕರ್ಷಣೆಗೆ ಹೆದರಿ ಜೇಬಿನಲ್ಲಿ ಹಣವನ್ನೇ ಇಟ್ಟುಕೊಳ್ಳುತ್ತಿರಲಿಲ್ಲ. 1925ರಲ್ಲಿ ಬಲಿಪೂಜೆಗೆ ಹೋಗುವ ದಾರಿಯಲ್ಲಿ ಕುಸಿದು ಮೃತನಾಗುವವರೆಗೆ ಅವನು ಮದ್ಯ ಮುಟ್ಟಲಿಲ್ಲ. 1975ರಲ್ಲಿ ಪೋಪ್ ಆರನೇ ಪೌಲರು ಆತನನ್ನು ‘ಪೂಜನೀಯ’ನೆಂದು ಘೋಷಿಸಿದರು. ಚಿಕ್ಕ ಪ್ರತಿಜ್ಞೆ, ಎಚ್ಚರದ ಬದುಕು, ದಿನನಿತ್ಯದ ಪ್ರಾರ್ಥನೆ ಇವೇ ಆತನ ಬಲವಾಗಿದ್ದವು.

ನೆರವು ಕೇಳುವುದು ಹೇಗೆಂದು ತಿಳಿಯದವರು 14446 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಮಾದಕದ್ರವ್ಯ ವ್ಯಸನಿಯು ತಾನಾಗಿ ಚಿಕಿತ್ಸೆಗೆ ಮುಂದೆ ಬಂದರೆ ಅವನಿಗೆ ರಕ್ಷಣೆ ನೀಡುವ ಅವಕಾಶ 1985ರ ಕಾಯಿದೆಯಲ್ಲಿದೆ.

ಅದೇ ಆಕ್ರನ್ ನಗರದ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ, ಕುಡುಕರನ್ನು ಆಸ್ಪತ್ರೆಗಳು ಒಳಗೇ ಬಿಡದಿದ್ದ 1939ರಲ್ಲಿ, ಸಿಸ್ಟರ್ ಇಗ್ನೇಷಿಯಾ ಎಂಬ ಕನ್ಯಾಸ್ತ್ರೀ ಅವರಿಗೆ ಹಾಸಿಗೆ ಕೊಟ್ಟರು. ಗುಣಮುಖರಾಗಿ ಹೊರಡುವವರ ಕೈಯಲ್ಲಿ ಯೇಸುವಿನ ಪವಿತ್ರ ಹೃದಯದ ಲಾಂಛನವೊಂದನ್ನಿಟ್ಟು, ‘ಮತ್ತೆ ಕುಡಿಯಬೇಕೆನಿಸಿದರೆ ಮೊದಲು ಬಂದು ಇದನ್ನು ನನಗೆ ಹಿಂದಿರುಗಿಸಬೇಕು’ ಎಂದು ಮಾತು ಪಡೆಯುತ್ತಿದ್ದರು. ಅಂದರೆ, ಎಡವುವ ಗಳಿಗೆಯಲ್ಲಿಯೂ ಬಂದು ತಟ್ಟಲು ಅವನಿಗೊಂದು ಬಾಗಿಲು ತೆರೆದಿತ್ತು. ನಮ್ಮ ಮನೆಯ ಬಾಗಿಲು, ನಮ್ಮ ಧರ್ಮಕೇಂದ್ರದ ಬಾಗಿಲು ಹಾಗೆ ತೆರೆದಿದೆಯೇ ಎಂಬುದನ್ನು ಪ್ರತಿಯೊಬ್ಬರೂ ಕೇಳಿಕೊಳ್ಳೋಣ.