ಹಲ್ಲಿನ ಅಲೈನರ್ ಮತ್ತು ಬಾಯಿಹುಣ್ಣು

ಹಲ್ಲಿನ ಸಾಲು ತಪ್ಪಿದ ಮಕ್ಕಳಿಗೆ ತಂತಿಯ ಕ್ಲಿಪ್ ಹಾಕಿಸುವುದು ನಮ್ಮ ಕಾಸರಗೋಡಿನ ಕಡೆ ಹೊಸತೇನಲ್ಲ. ಈಚಿನ ವರ್ಷಗಳಲ್ಲಿ ಅದರ ಬದಲಿಗೆ ಗಾಜಿನಂತೆ ಪಾರದರ್ಶಕವಾದ ತೆಳು ಪ್ಲಾಸ್ಟಿಕ್ ಕವಚವೊಂದು ಬಂದಿದೆ. ಇದಕ್ಕೆ ಅಲೈನರ್ ಎನ್ನುತ್ತಾರೆ. 1997ರಲ್ಲಿ ಆರಂಭವಾದ ಅಮೆರಿಕದ ಅಲೈನ್ ಟೆಕ್ನಾಲಜಿ ಎಂಬ ಕಂಪೆನಿ ಇನ್ವಿಸಲೈನ್ ಎಂಬ ಹೆಸರಿನಲ್ಲಿ ಇದನ್ನು ಬಳಕೆಗೆ ತಂದಿತು. ಈಗ ನಮ್ಮ ದೇಶದಲ್ಲೂ ಇಂಥವು ತಯಾರಾಗುತ್ತವೆ. ಮಂಗಳೂರಿನಲ್ಲಿ ಓದುವ, ಗಲ್ಫಿನಲ್ಲಿ ದುಡಿಯುವ ಮಕ್ಕಳು ರಜೆಗೆ ಊರಿಗೆ ಬರುವಾಗ ಇದನ್ನು ಹಾಕಿಕೊಂಡೇ ಬರುವುದುಂಟು. ಬಂದ ಎರಡನೆಯ ದಿನ ಕೆನ್ನೆಯ ಒಳಗೆ ಹುಣ್ಣು, ನಾಲಗೆಯ ಅಂಚು ಕೆಂಪು, ಗಂಜಿಗೆ ಉಪ್ಪಿನಕಾಯಿ ನಂಚಿಕೊಳ್ಳುವಂತಿಲ್ಲ. "ಆ ಪ್ಲಾಸ್ಟಿಕನ್ನು ತೆಗೆದು ಬಿಸಾಡು" ಎಂದು ಹಿರಿಯರು ಹೇಳುತ್ತಾರೆ. ಬಿಸಾಡುವ ಮೊದಲು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ.

ಅಲೈನರ್ ಒಂದೇ ಕವಚವಲ್ಲ, ಒಂದರ ನಂತರ ಒಂದರಂತೆ ಹಾಕಬೇಕಾದ ಕವಚಗಳ ಸರಣಿ. ಪ್ರತಿಯೊಂದೂ ಹಲ್ಲು ಈಗಿರುವ ಸ್ಥಾನಕ್ಕಿಂತ ಸ್ವಲ್ಪವೇ ಬೇರೆಯಾಗಿರುತ್ತದೆ. ಆ ಒತ್ತಡದಿಂದ ಹಲ್ಲು ಹೆಚ್ಚೆಂದರೆ ಕಾಲು ಮಿಲಿಮೀಟರಿನಷ್ಟು ಸರಿಯುತ್ತದೆ. ವಾರಕ್ಕೋ ಹದಿನೈದು ದಿನಕ್ಕೋ ಹೊಸ ಕವಚ. ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಬೇಕು. ಹೊಸದನ್ನು ಹಾಕಿದ ಮೊದಲ ಎರಡು ಮೂರು ದಿನ ಹಲ್ಲುಗಳಲ್ಲಿ ಬಿಗಿತ, ಕಚ್ಚಿದರೆ ನೋವು ಇರುತ್ತದೆ. ಇದು ರೋಗವಲ್ಲ, ಹಲ್ಲು ಸರಿಯುತ್ತಿರುವುದರ ಗುರುತು. ರಾತ್ರಿ ಊಟವಾದ ಮೇಲೆ ಮಲಗುವ ಹೊತ್ತಿಗೆ ಹೊಸ ಕವಚ ಹಾಕಿಕೊಂಡರೆ ಮೊದಲ ಬಿಗಿತ ನಿದ್ದೆಯಲ್ಲೇ ಕಳೆಯುತ್ತದೆ.

ಕೆನ್ನೆ, ತುಟಿ, ನಾಲಗೆಗಳಲ್ಲಿ ಆಗುವ ಉರಿ ಬೇರೆ. ಅದು ಹೊಸ ಚಪ್ಪಲಿ ಕಚ್ಚಿದ ಹಾಗೆ. ನೊಗ ತಾಗಿ ಎತ್ತಿನ ಹೆಗಲು ಹುಣ್ಣಾದರೆ ನೀವು ಏನು ಮಾಡುತ್ತಿದ್ದಿರಿ? ಮೊದಲು ನೊಗವನ್ನು ನೋಡುತ್ತಿದ್ದಿರಿ, ಆಮೇಲೆ ಹೆಗಲಿಗೆ ಮದ್ದು. ಬಾಯಿಯ ವಿಷಯದಲ್ಲಿ ಮಾತ್ರ ನಾವು ಇದನ್ನು ಮರೆತು, ಕವಚದ ಅಂಚು ಚುಚ್ಚುತ್ತಿದ್ದರೂ ಹುಣ್ಣಿಗೆ ಮಾತ್ರ ಮದ್ದು ಹಚ್ಚುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು.

ಆದ್ದರಿಂದ ಮೊದಲು ಹುಣ್ಣು ಎಲ್ಲಿದೆ ಎಂದು ನೋಡಬೇಕು. ಹಗಲು ಬೆಳಕಿನಲ್ಲಿ ಕನ್ನಡಿ ಹಿಡಿದು, ಕವಚ ಬಾಯಲ್ಲಿರುವಾಗ ಅದರ ಅಂಚು ಹುಣ್ಣಿಗೆ ತಾಗುತ್ತದೆಯೇ ಎಂದು ಪರೀಕ್ಷಿಸಿ. ಅನಂತರ ಕವಚವನ್ನು ತೆಗೆದು, ತೊಳೆದ ಬೆರಳನ್ನು ಅಂಚಿನ ಉದ್ದಕ್ಕೂ ಮೆಲ್ಲನೆ ಓಡಿಸಿ. ಕತ್ತರಿಸಿದ ಜಾಗದಲ್ಲಿ ಒಮ್ಮೊಮ್ಮೆ ಸಣ್ಣ ಮುಳ್ಳಿನಂತಹ ಮೊನೆ ಉಳಿದಿರುತ್ತದೆ. ಕೆಲವರಿಗೆ ಹಲ್ಲಿನ ಮೇಲೆ ಅಂಟಿಸಿದ ಹಲ್ಲಿನ ಬಣ್ಣದ ಸಣ್ಣ ಗುಬುಟುಗಳು, ಕವಚ ತೆಗೆದಿರುವ ಹೊತ್ತಿನಲ್ಲಿ, ಕೆನ್ನೆಗೆ ಉಜ್ಜುತ್ತವೆ. ಇನ್ನು ಕೆಲವರು ಕವಚವನ್ನು ಒಂದೇ ಕಡೆಯಿಂದ ಉಗುರಿನಲ್ಲಿ ಕಿತ್ತು ಒಸಡಿಗೆ ತಾವೇ ಗಾಯ ಮಾಡಿಕೊಳ್ಳುತ್ತಾರೆ. ಎರಡೂ ಬದಿಯ ಹಿಂದಿನ ಹಲ್ಲುಗಳ ಒಳಭಾಗದಿಂದ ಬೆರಳ ತುದಿಯಲ್ಲಿ ಸಡಿಲಿಸಿ ತೆಗೆಯುವುದು ಸರಿಯಾದ ಕ್ರಮ.

ಮೊನೆ ಸಿಕ್ಕಿದರೆ ವೈದ್ಯರಿಗೆ ಫೋನ್ ಮಾಡಿ ಕೇಳಿ. ಅವರು ಒಪ್ಪಿದರೆ ಉಗುರು ಉಜ್ಜುವ ನಯವಾದ ಅರದಿಂದ ಆ ಮೊನೆಯನ್ನಷ್ಟೇ ಎರಡು ಮೂರು ಸಲ ಸವರಿ, ತೊಳೆದು ಹಾಕಿಕೊಳ್ಳಬಹುದು. ಕತ್ತಿ ಮಸೆಯುವ ಅರ ಬೇಡ, ಕತ್ತರಿಯೂ ಬೇಡ. ಅಂಚು ಹೆಚ್ಚು ಹೋದರೆ ಕವಚದ ಹಿಡಿತವೇ ಹೋಗುತ್ತದೆ. ಹಲ್ಲಿನ ವೈದ್ಯರಲ್ಲಿ ಇದಕ್ಕೆಂದೇ ಮೃದುವಾದ ಮೇಣ ಸಿಗುತ್ತದೆ. ಉಜ್ಜುವ ಜಾಗವನ್ನು ಒರಸಿ ಒಣಗಿಸಿ, ಕಡಲೆಗಿಂತ ಸಣ್ಣ ಉಂಡೆ ಮಾಡಿ ಅದರ ಮೇಲೆ ಒತ್ತಬೇಕು. ಮೇಣದ ಬತ್ತಿಯ ಮೇಣ ಇದಕ್ಕೆ ಆಗದು.

ಹುಣ್ಣಿಗೆ ಉಪ್ಪುನೀರಿಗಿಂತ ಸುಲಭದ ಮದ್ದು ಬೇರೆ ಬೇಕಿಲ್ಲ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಸಣ್ಣ ಚಮಚ ಉಪ್ಪು ಹಾಕಿ, ಕವಚ ತೆಗೆದಿಟ್ಟು, ದಿನಕ್ಕೆ ಮೂರು ನಾಲ್ಕು ಸಲ ಬಾಯಿ ಮುಕ್ಕಳಿಸಿ ಉಗುಳಬೇಕು. ಒಡೆದ ತುಟಿಗೆ ಮನೆಯ ತೆಂಗಿನೆಣ್ಣೆ ಸಾಕು. ಆದರೆ ಹುಣ್ಣಿಗೆ ಸುಣ್ಣ ಹಚ್ಚುವುದು, ಲವಂಗದ ಎಣ್ಣೆಯನ್ನು ಹಾಗೆಯೇ ಸುರಿಯುವುದು, ನೋವಿನ ಮಾತ್ರೆಯನ್ನು ಪುಡಿ ಮಾಡಿ ಇಡುವುದು, ಇವೆಲ್ಲ ಬಾಯಿಯ ಚರ್ಮವನ್ನು ಸುಡುತ್ತವೆ. ಸುಟ್ಟ ಜಾಗ ಮರಗಟ್ಟಿ ನೋವು ಕಡಿಮೆಯಾದಂತೆ ಕಾಣುತ್ತದೆ, ಗಾಯ ಮಾತ್ರ ದೊಡ್ಡದಾಗುತ್ತದೆ. ಜೇನು ಹಚ್ಚಿ ಮೇಲೆ ಕವಚ ಹಾಕಿದರೆ ಸಿಹಿ ಹಲ್ಲಿಗೆ ಅಂಟಿಕೊಂಡು ಹುಳುಕಿಗೆ ದಾರಿಯಾಗುತ್ತದೆ.

ತೋಟದ ಮನೆಯವರು ಗಮನಿಸಬೇಕಾದುದು ಇನ್ನೂ ಇದೆ. 22 ಗಂಟೆ ಬಾಯಲ್ಲಿರಬೇಕೆಂದರೆ ಹೊರಗಿರಲು ಸಿಗುವುದು ಎರಡೇ ಗಂಟೆ. ನಮ್ಮಲ್ಲಿ ಬೆಳಗಿನ ಚಹಾ, ತಿಂಡಿ, ಹತ್ತು ಗಂಟೆಯ ಚಹಾ, ಊಟ, ಸಂಜೆಯ ಚಹಾ, ರಾತ್ರಿಯ ಊಟ ಎಂದು ಆರು ಸಲ ಬಾಯಾಡುತ್ತದೆ. ತಲಾ ಇಪ್ಪತ್ತು ನಿಮಿಷವೆಂದರೂ ಲೆಕ್ಕ ಮುಗಿಯಿತು. ಹಾಗೆಂದು ಕವಚ ಹಾಕಿಕೊಂಡೇ ಚಹಾ ಕುಡಿಯಬಾರದು. ಬಿಸಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಸೊಟ್ಟಗಾದದ್ದು ಬಾಯಿಗೆ ಉಜ್ಜುತ್ತದೆ. ಪುನರ್ಪುಳಿ ಶರಬತ್ತೂ ಹಾಗೆಯೇ, ಹುಳಿ, ಸಿಹಿ, ಬಣ್ಣ ಮೂರೂ ಒಳಗೆ ಸಿಕ್ಕಿಕೊಳ್ಳುತ್ತವೆ. ಹಾಕಿರುವಾಗ ಕುಡಿಯಲು ತಣ್ಣೀರೊಂದೇ ಸರಿ. ಅದನ್ನು ಆಗಾಗ ಕುಡಿಯಬೇಕು, ಏಕೆಂದರೆ ಬಾಯಿ ಒಣಗಿದಷ್ಟೂ ಉಜ್ಜುವುದು ಹೆಚ್ಚು.

ಕೊಳೆರೋಗಕ್ಕೆ ಮದ್ದು ಬಿಡುವ ದಿನ ಇನ್ನಷ್ಟು ಎಚ್ಚರ ಬೇಕು. ಮೈಲುತುತ್ತು, ಸುಣ್ಣ ಕಲಸಿದ ಕೈಯಲ್ಲಿ ಕವಚ ತೆಗೆದು ಹಾಕಿದರೆ ಅದೆಲ್ಲ ನೇರವಾಗಿ ಹುಣ್ಣಿಗೇ ಹೋಗುತ್ತದೆ. ಸಾಬೂನಿನಿಂದ ಕೈ ತೊಳೆಯದೆ ಬಾಯಿಗೆ ಬೆರಳು ಹಾಕಬಾರದು. ತೆಗೆದ ಕವಚಕ್ಕೆ ಮುಚ್ಚಳವಿರುವ ಡಬ್ಬಿಯೊಂದು ಕಿಸೆಯಲ್ಲಿರಲಿ. ಮದುವೆಯ ಊಟದಲ್ಲಿ ಕಾಗದದಲ್ಲಿ ಸುತ್ತಿಟ್ಟದ್ದು ಬಾಳೆಎಲೆಯೊಂದಿಗೆ ಹೋಗುತ್ತದೆ, ಜಗಲಿಯ ಮೇಲಿಟ್ಟದ್ದನ್ನು ನಾಯಿ ಅಗಿದು ಹಾಕುತ್ತದೆ. ತೊಳೆಯಲು ತಣ್ಣೀರು, ಮೃದುವಾದ ಬ್ರಶ್, ಸ್ವಲ್ಪ ಸೌಮ್ಯ ಸಾಬೂನು ಸಾಕು. ಉಮಿ ಸುಟ್ಟ ಕರಿಯಿಂದ ಹಲ್ಲುಜ್ಜುವ ಮನೆಗಳಲ್ಲಿ ಕವಚವನ್ನೂ ಅದರಿಂದಲೇ ಉಜ್ಜಬಾರದು. ಗೀರು ಬಿದ್ದ ಪ್ಲಾಸ್ಟಿಕ್ ಒರಟಾಗುತ್ತದೆ, ಗೀರಿನಲ್ಲಿ ಕೊಳೆ ನಿಲ್ಲುತ್ತದೆ.

ನೋವು ತಡೆಯಲಾರದೆ ಕವಚವನ್ನು ನಾಲ್ಕೈದು ದಿನ ತೆಗೆದಿಟ್ಟರೆ ಹಲ್ಲು ಹಿಂದಕ್ಕೆ ಜರಗತೊಡಗುತ್ತದೆ. ಆಮೇಲೆ ಅದೇ ಕವಚ ಪೂರ್ತಿ ಕೂರದೆ ಮೊದಲಿಗಿಂತ ಹೆಚ್ಚು ಚುಚ್ಚುತ್ತದೆ. ಬದಲಿಗೆ ವೈದ್ಯರನ್ನು ಕೇಳಿ, ಇದರ ಹಿಂದಿನ ಕವಚವನ್ನು ಕೆಲವು ದಿನ ಹಾಕಿಕೊಳ್ಳಬಹುದು. ಅದಕ್ಕಾಗಿ ಹಳೆಯದನ್ನು ತೊಳೆದು ಇಟ್ಟುಕೊಂಡಿರಬೇಕು. ವೈದ್ಯರು ಬಾಯಿಯನ್ನು ನೋಡದೆಯೇ ಅಂಚೆಯಲ್ಲಿ ಕವಚ ಕಳುಹಿಸುವ ವ್ಯಾಪಾರವೂ ಇದೆ. ಇದು ನಮಗೆ ಹಿಡಿಸುವುದಿಲ್ಲ. ಹುಣ್ಣಾದಾಗ ತೋರಿಸುವುದು ಯಾರಿಗೆ? ಅಮೆರಿಕದಲ್ಲಿ ಇಂಥದೇ ವ್ಯಾಪಾರ ಮಾಡುತ್ತಿದ್ದ ಸ್ಮೈಲ್ ಡೈರೆಕ್ಟ್ ಕ್ಲಬ್ ಎಂಬ ಕಂಪೆನಿ 2023ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿದಾಗ, ಚಿಕಿತ್ಸೆಯ ನಡುವೆ ಇದ್ದವರು ಕೈಬಿಟ್ಟವರಂತಾದರು.

ತುಟಿ ಅಥವಾ ಮುಖ ಊದಿಕೊಂಡರೆ, ಉಸಿರಾಟಕ್ಕೆ ತೊಂದರೆಯಾದರೆ ಕವಚ ತೆಗೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇದು ಅಪರೂಪ. ಒರಸಿದರೆ ಬಿಡುವ ಮೊಸರಿನಂತಹ ಬಿಳಿ ಪದರ ಕಂಡರೆ ಶಿಲೀಂಧ್ರದ ಸೋಂಕಿರಬಹುದು, ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಕವಚ ಮುಟ್ಟದ ಜಾಗಗಳಲ್ಲಿ ಹುಣ್ಣು ಮತ್ತೆ ಮತ್ತೆ ಏಳುತ್ತಿದ್ದರೆ ರಕ್ತಹೀನತೆಯನ್ನೂ ವಿಟಮಿನ್ ಕೊರತೆಯನ್ನೂ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾದದ್ದು ದಿನಗಳ ಲೆಕ್ಕ. ಬಾಯಿಯ ಚರ್ಮ ಬೇಗ ಮಾಯುತ್ತದೆ. ಉಜ್ಜುವ ಮೊನೆ ಹೋದ ಮೇಲೆ ಸಾಮಾನ್ಯ ಹುಣ್ಣು ವಾರ ಹತ್ತು ದಿನಗಳಲ್ಲಿ ಗುಣವಾಗಬೇಕು. ಎರಡು ವಾರ ಕಳೆದರೂ ಉಳಿದ ಹುಣ್ಣನ್ನು ಕವಚದ ತಲೆಗೆ ಕಟ್ಟಬಾರದು. ಮಕ್ಕಳಿಗೆ ಹೇಳುವ ಈ ಲೆಕ್ಕ ಮನೆಯ ಹಿರಿಯರಿಗೂ ಸಲ್ಲುತ್ತದೆ. ಕಟ್ಟಿಸಿದ ಹಲ್ಲಿನ ಸೆಟ್ಟು ತಾಗಿ ಆದ ಹುಣ್ಣೆಂದು ತಿಂಗಳುಗಟ್ಟಲೆ ಸುಮ್ಮನಿರುವವರು ಮಕ್ಕಳಿಗಿಂತ ಅವರೇ ಹೆಚ್ಚು. ಅವರಲ್ಲಿ ಎಲೆಯಡಿಕೆ, ಹೊಗೆಸೊಪ್ಪು ಹಾಕುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ, ಹೊಗೆಸೊಪ್ಪು ಬೆರೆಸದ ಎಲೆಯಡಿಕೆಯೂ, ಅಡಿಕೆ ತಾನಾಗಿಯೇ ಕೂಡ, ಕ್ಯಾನ್ಸರ್ ತರುವ ವಸ್ತುಗಳೆಂದು ಹೇಳಲಾಗಿದೆ. ಅಡಿಕೆ ಬೆಳೆದೇ ಮನೆ ಕಟ್ಟಿ ಮಕ್ಕಳನ್ನು ಓದಿಸಿದ ನಮಗೆ ಈ ಮಾತು ಕಹಿ, ಆದರೂ ಹೇಳದಿರುವಂತಿಲ್ಲ. ಮಾಯದ ಹುಣ್ಣು, ಒರಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಗಟ್ಟಿಯಾದ ಗಂಟು, ಮೊದಲಿನಷ್ಟು ಬಾಯಿ ತೆರೆಯಲಾಗದಿರುವುದು, ಸ್ವಲ್ಪ ಖಾರಕ್ಕೂ ಬಾಯಿ ಉರಿಯುವುದು, ಇವುಗಳಲ್ಲಿ ಯಾವುದು ಕಂಡರೂ ತಡ ಮಾಡದೆ ತೋರಿಸಬೇಕು. ನೋವಿಲ್ಲವೆಂಬ ಧೈರ್ಯ ಬೇಡ, ಕ್ಯಾನ್ಸರಿನ ಹುಣ್ಣು ಆರಂಭದಲ್ಲಿ ನೋಯದೆಯೂ ಇರಬಹುದು. ಆಗಲೇ ಪತ್ತೆಯಾದರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು.

ಮಂಗಳೂರಿನ ದಂತವೈದ್ಯಕೀಯ ಕಾಲೇಜುಗಳ ಹೊರರೋಗಿ ವಿಭಾಗಗಳಲ್ಲಿ ಇಂಥ ಪರೀಕ್ಷೆ ಮಾಡುತ್ತಾರೆ. ಅಲೈನರಿನಿಂದ ತೊಂದರೆಯಾದವರು ಈಗಿನ ಕವಚ, ಹಿಂದಿನ ಕವಚ ಎರಡನ್ನೂ ಒಯ್ಯಬೇಕು. ಹಿರಿಯರು ಹಲ್ಲಿನ ಸೆಟ್ಟನ್ನು ಮನೆಯಲ್ಲಿ ಬಿಟ್ಟು ಹೋಗದಿರಲಿ. ಹುಣ್ಣು ಮೊದಲು ಕಂಡ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದರೆ ವೈದ್ಯರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಸಿದ್ಧವಿರುತ್ತದೆ.