ಹೊಲದ ಈಜುಕೊಳದಾಗಿನ ನೀರು ಮಜ್ಜಿಗಿ ಯಾಕ ಆತು?

ಗುರುಬಂಧುಗಳೇ, ನೀವು ಆಮ್ಲ-ಪ್ರತ್ಯಾಮ್ಲ ಕಲಿಸುವಾಗ ಮಕ್ಕಳು ‘ಸರ, ಇದರ ಉಪಯೋಗ ಏನ್ರಿ?’ ಅಂತ ಕೇಳೇ ಕೇಳ್ತಾರೆ. ಹೋದ ಬೇಸಿಗೆಯಲ್ಲಿ ನನಗೆ ಅದಕ್ಕೊಂದು ಒಳ್ಳೆಯ ಉತ್ತರ ಸಿಕ್ಕಿತು.

ಅಕ್ಕಲಕೋಟ ತಾಲೂಕಿನಲ್ಲಿ ನಮ್ಮ ಶಾಲೆಯ ಪಾಲಕರೊಬ್ಬರು ಹೊಲದ ಮನೆ ಮುಂದೆ ಸಣ್ಣ ಈಜುಕೊಳ ಕಟ್ಟಿಸಿದ್ದಾರೆ. 15 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳ. ಬೋರ್‌ವೆಲ್ ನೀರು ತುಂಬಿಸಿ, ಗ್ರಾಮಪಂಚಾಯತಿಯವರು ಬಳಸುವಂಥದೇ ಟಿಸಿಎಲ್ ಪೌಡರ್ ತಂದು ಎರಡು ಬೊಗಸೆ ಸುರಿದರು. ಮುಂಜಾನೆ ನನಗೆ ಫೋನು: “ಸರ, ನೀರು ಮಜ್ಜಿಗಿ ಆಗ್ಯಾವ್ರಿ. ಎಲ್ಲಾ ಹೊರಗ ಬಿಟ್ಟು ಹೊಸಾದು ತುಂಬಲೇನ್ರಿ?”

ಬಿಡಬ್ಯಾಡ್ರಿ ಅಂದೆ. ಲೆಕ್ಕ ನೀವೇ ಮಾಡಿ: 600 ಘನ ಅಡಿ, ಒಂದು ಘನ ಅಡಿಗೆ ಸುಮಾರು 28 ಲೀಟರ್, ಅಂದರೆ ಹತ್ತಿರ ಹತ್ತಿರ 17 ಸಾವಿರ ಲೀಟರ್. ಐದು ಸಾವಿರ ಲೀಟರಿನ ಮೂರು ಟ್ಯಾಂಕರ್ ದಾಟುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಅಷ್ಟು ನೀರು ಚೆಲ್ಲುವುದು ಪಾಪ. ಮೇಲಾಗಿ ಹೊಸ ನೀರು ಬರುವುದೂ ಅದೇ ಬೋರಿನಿಂದ. ಅದೇ ಮಜ್ಜಿಗೆ ಮತ್ತೆ ತಯಾರಾಗುತ್ತದೆ.

ನಮ್ಮ ಸೊಲ್ಲಾಪುರ ಸೀಮೆಯ ಬೋರ್ ನೀರಲ್ಲಿ ಬ್ಯಾಳಿ ಬೇಗ ಬೇಯುವುದಿಲ್ಲ, ಸೋಪಿಗೆ ನೊರೆ ಬರುವುದಿಲ್ಲ, ಗೀಜರಿನ ಸುರುಳಿಗೆ ಬಿಳಿ ಪದರು ಕಟ್ಟುತ್ತದೆ. ನೆಲದಡಿ ಇರುವುದು ದಖನ್ನಿನ ಕಪ್ಪುಕಲ್ಲು, ಅಂದರೆ ಬಸಾಲ್ಟ್. ಮೇಲಿನ ಎರೆಮಣ್ಣಿನಲ್ಲಿ ಬಿಳಿ ಸುಣ್ಣದ ಹರಳು ನೀವೇ ಹೆಕ್ಕಬಹುದು. ಮಳೆನೀರು ಮಣ್ಣಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಕೆಳಗಿಳಿಯುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬೈಕಾರ್ಬೊನೇಟ್ ರೂಪದಲ್ಲಿ ಕರಗಿಸಿಕೊಂಡು ಹೋಗುತ್ತದೆ. ಕರಗಿರುವಷ್ಟು ಹೊತ್ತು ನೀರು ತಿಳಿಯಾಗಿಯೇ ಇರುತ್ತದೆ.

ಟಿಸಿಎಲ್ ಅಂದರೆ ಬ್ಲೀಚಿಂಗ್ ಪೌಡರ್. ಅದರಲ್ಲಿ ಕ್ಲೋರಿನ್ ಜೊತೆಗೆ ಸುಣ್ಣವೂ ಇದೆ, ಇದನ್ನು ನಾವು ಮರೀತೀವಿ. ಸುಣ್ಣ ಬಿದ್ದ ಕೂಡಲೇ ಪಿಎಚ್ ಏರಿ, ಬೈಕಾರ್ಬೊನೇಟ್ ಕಾರ್ಬೊನೇಟ್ ಆಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ಸಣ್ಣ ಬಿಳಿ ಕಣಗಳಾಗಿ ಹೊರಬಿತ್ತು. ಸುಣ್ಣದ ತಿಳಿನೀರಿಗೆ ಉಸಿರು ಊದಿ ಬೆಳ್ಳಗೆ ಮಾಡುವ ಪ್ರಯೋಗ ನೆನಪಿದೆಯಲ್ಲ? ಹೊರಬೀಳುವ ವಸ್ತು ಅದೇ. ಅಲ್ಲಿ ಪರೀಕ್ಷಾ ನಳಿಕೆ, ಇಲ್ಲಿ 17 ಸಾವಿರ ಲೀಟರ್, ಅಷ್ಟೇ.

ನೀರು ಬೆಳ್ಳಗಾದರೆ ನೋಡಲು ಚೆಂದಿಲ್ಲ, ಅದು ಸಣ್ಣ ಮಾತು. ದೊಡ್ಡ ಮಾತು ಬೇರೆ ಇದೆ. ಕ್ಲೋರಿನ್ ನೀರಿಗೆ ಬಿದ್ದ ಮೇಲೆ ಎರಡು ರೂಪದಲ್ಲಿರುತ್ತದೆ: ಹೈಪೊಕ್ಲೋರಸ್ ಆಮ್ಲ ಮತ್ತು ಹೈಪೊಕ್ಲೋರೈಟ್ ಅಯಾನು. ಕ್ರಿಮಿಗಳನ್ನು ಚುರುಕಾಗಿ ಕೊಲ್ಲುವುದು ಮೊದಲನೆಯದು. ಪಿಎಚ್ 7.5 ಇದ್ದಾಗ ಅದು ಸುಮಾರು ಅರ್ಧ. 8ಕ್ಕೆ ಏರಿದರೆ ಕಾಲುಭಾಗ, 8.5ರಲ್ಲಿ ಬರೀ ಹತ್ತನೇ ಒಂದು. ಪಾಲಕರ ಕೊಳದಲ್ಲಿ ನಮ್ಮ ಪಟ್ಟಿ ತೋರಿಸಿದ್ದು 8.5! ಕ್ಲೋರಿನ್ ಇತ್ತು, ಆದರೆ ಬಹುಪಾಲು ಕೈಕಟ್ಟಿ ಕೂತಿತ್ತು. 2024ರಲ್ಲಿ ಕೇರಳದಲ್ಲಿ ನೀರಿಗಿಳಿದ ಮಕ್ಕಳು ಅಮೀಬಾ ಸೋಂಕಿನಿಂದ ತೀರಿಹೋದ ಸುದ್ದಿ ಓದಿದ್ದೀರಿ. ಬೆಚ್ಚಗಿನ ನೀರಲ್ಲಿ ಬೆಳೆಯುವ ಆ ಜೀವಿ ಮೂಗಿನಿಂದ ಮಿದುಳಿಗೆ ಹೋಗುತ್ತದೆ. ನಮ್ಮ ಬೇಸಿಗೆಯಲ್ಲಿ ನೀರು ಬೆಚ್ಚಗಾಗಲು ಯಾರ ಅಪ್ಪಣೆಯೂ ಬೇಕಿಲ್ಲ.

ಹಾಗಾಗಿ ಮೊದಲು ಪಿಎಚ್, ಆಮೇಲೆ ಕ್ಲೋರಿನ್. ಪಿಎಚ್ 7.2ರಿಂದ 7.8ರೊಳಗೆ ಇರಬೇಕು. ಕ್ಷಾರೀಯತೆ ಲೀಟರಿಗೆ 80ರಿಂದ 120 ಮಿಲಿಗ್ರಾಂ ಇದ್ದರೆ ಸಾಕು. ಈ ಕೊಳದಲ್ಲಿ 240 ಇತ್ತು. ಕ್ಷಾರೀಯತೆ ಅಂದರೆ ನೀರಿನ ಹಠ ಅನ್ನಿ. ಆಮ್ಲ ಹಾಕಿದರೂ ಪಿಎಚ್ ತಿರುಗಿ ಏರುತ್ತದೆ. ಬೈಕಾರ್ಬೊನೇಟ್ ಆಮ್ಲವನ್ನು ನುಂಗಿ ಡೈಆಕ್ಸೈಡ್ ಬಿಡುತ್ತದೆ, ಅದು ಗಾಳಿಗೆ ಹಾರಿದಂತೆ ಪಿಎಚ್ ಮತ್ತೆ ಮೇಲೆ ಬರುತ್ತದೆ. “ನಿನ್ನೆ ಹಾಕೀನಲ್ರಿ, ಮತ್ಯಾಕ?” ಅಂತ ಪಾಲಕರು ಬೇಸರಪಟ್ಟರು. ಆದರೆ ಪ್ರತಿ ಸಲವೂ ಹಠ ಒಂದಿಷ್ಟು ಕಡಿಮೆಯಾಗುತ್ತದೆ. 30 ಶೇಕಡಾದ ಹೈಡ್ರೋಕ್ಲೋರಿಕ್ ಆಮ್ಲ ಒಂದು ಸಲಕ್ಕೆ ಅರ್ಧ ಲೀಟರಿನಂತೆ ಎಂಟು ಸಲ, ಒಂದು ವಾರ ಹಿಡಿಯಿತು. ಮೂರನೇ ದಿನಕ್ಕೇ ಬಿಳುಪು ಕರಗತೊಡಗಿತ್ತು, ಉಳಿದದ್ದು ತಳಕ್ಕೆ ಕೂತಿತು. ಮಳೆನೀರು ತುಂಬಿಸಿದವರಿಗೆ ಇದರ ಉಲ್ಟಾ, ಅಡುಗೆ ಸೋಡಾ ಹಾಕಬೇಕಾಗುತ್ತದೆ. ನಮಗೆ ಆ ಭಾಗ್ಯವಿಲ್ಲ.

ಈ ನಡುವೆ ನಡೆದದ್ದೊಂದು ಹೇಳಲೇಬೇಕು. ಎರಡನೇ ದಿನ ಕೆಲಸದ ಹುಡುಗ ಟಿಸಿಎಲ್ ಕಲಸಿದ್ದ ಬಕೆಟಿಗೇ ಆ್ಯಸಿಡ್ ಸುರಿಯಲು ಬಾಟಲಿ ಎತ್ತಿದ್ದ. ತಳದಲ್ಲಿ ಸುಣ್ಣದ ಗಸಿ ಹಾಗೇ ಇತ್ತು. ನಾನು ಕೂಗಿದ್ದು ಬಾಜೂ ಹೊಲಕ್ಕೆ ಕೇಳಿಸಿರಬೇಕು. ಬ್ಲೀಚಿಂಗ್ ಪೌಡರಿಗೆ ಆಮ್ಲ ಬಿದ್ದರೆ ಕ್ಲೋರಿನ್ ಅನಿಲ ಬರುತ್ತದೆ, ಇದು ನಾವೇ ಬೋರ್ಡಿನ ಮೇಲೆ ಬರೆಸುವ ಸಮೀಕರಣ. ತಪ್ಪು ನನ್ನದೇ, ಮೊದಲೇ ಹೇಳಬೇಕಿತ್ತು. ಅವನಿಗೆ ಗೊತ್ತಿರಬೇಕು ಅಂದುಕೊಂಡಿದ್ದೆ. ಅವತ್ತಿನಿಂದ ಎರಡಕ್ಕೂ ಬೇರೆ ಬೇರೆ ಬಣ್ಣದ ಪ್ಲಾಸ್ಟಿಕ್ ಬಕೆಟ್, ಇಡುವ ಜಾಗವೂ ಬೇರೆ. ಆಮ್ಲ ಒಂದು ದಿನ, ಕ್ಲೋರಿನ್ ಇನ್ನೊಂದು ದಿನ. ಬಕೆಟಿನಲ್ಲಿ ಮೊದಲು ನೀರು, ಆಮೇಲೆ ಆಮ್ಲ, ಗಾಳಿ ಬೆನ್ನಿನ ಕಡೆಯಿಂದ ಬೀಸುವಂತೆ ನಿಂತು.

ಕ್ಲೋರಿನ್ ಲೆಕ್ಕ ಸುಲಭ. ಲೀಟರಿಗೆ 2 ಮಿಲಿಗ್ರಾಂ ಬೇಕು ಅಂದರೆ 34 ಗ್ರಾಂ. ಹೊಸ ಪೌಡರಿನಲ್ಲಿ ಸಿಗುವ ಕ್ಲೋರಿನ್ ಮೂರನೇ ಒಂದು ಪಾಲು, ಹಾಗಾಗಿ 100 ಗ್ರಾಂ. ಬಾಯಿ ತೆರೆದಿಟ್ಟ ಹಳೆ ಚೀಲದ್ದು ಸತ್ವ ಹೋಗಿರುತ್ತದೆ. ಬಕೆಟಿನಲ್ಲಿ ಕಲಸಿ ಅರ್ಧ ತಾಸು ಬಿಟ್ಟು ತಿಳಿ ಮಾತ್ರ ಹಾಕಿ, ಗಸಿ ಬೇಡ. ಅದೂ ಹೊತ್ತು ಮುಳುಗಿದ ಮೇಲೆ. ನಮ್ಮ ಬಿಸಿಲಿಗೆ ಕ್ಲೋರಿನ್ ಮಧ್ಯಾಹ್ನದೊಳಗೇ ಒಡೆದು ಹೋಗುತ್ತದೆ. ಮುಂಜಾನೆ ಓಟಿ ದ್ರಾವಣ ಹಾಕಿ ಹಳದಿ ಬರುತ್ತದೋ ನೋಡಿ, ನಿಮ್ಮೂರ ನೀರು ಬಿಡುವವರ ಹತ್ತಿರ ಆ ಬಾಟಲಿ ಇದ್ದೀತು. ಹಳದಿ ಬರದಿದ್ದರೆ ಅವತ್ತು ಮಕ್ಕಳನ್ನು ಇಳಿಸಬೇಡಿ.

ಕಣ್ಣು ಉರಿದು ಘಾಟು ಹೊಡೆದರೆ ‘ಕ್ಲೋರಿನ್ ಜಾಸ್ತಿ ಆಯ್ತು’ ಅಂತಾರೆ. ಬಹಳ ಸಲ ಅದು ಬೆವರು, ಮೂತ್ರದ ಜೊತೆ ಕ್ಲೋರಿನ್ ಕೂಡಿ ಆದ ಕ್ಲೋರಮೈನ್. ಇದನ್ನು ಎಂಟನೇ ಇಯತ್ತೆಯಲ್ಲಿ ಹೇಳಿದಾಗ ಕ್ಲಾಸು ನಕ್ಕಿದ್ದೇ ನಕ್ಕಿದ್ದು. ಆದರೆ ಮರುವಾರ ಪಾಲಕರ ಮಗ ತಾನಾಗೇ ಬಂದು, “ಸರ, ಈಗ ಎಲ್ಲಾರೂ ಮೊದಲ ಜಳಕಾ ಮಾಡಿ ಇಳೀತೇವ್ರಿ” ಅಂದ. ಪಿಎಚ್ ಎಷ್ಟಿದೆ ಕೇಳಿದೆ. “ಏಳು ಪಾಯಿಂಟ್ ಆರು,” ಅಂದ, ನೋಟಬುಕ್ ತೆರೆಯದೆ.