ಬ್ಯಾಂಕಿನ ಸ್ವಾಧೀನದಲ್ಲಿರುವ ಮನೆಗಳ ಸ್ಥಳ ಪರಿವೀಕ್ಷಣೆ: ಹರಾಜಿನಲ್ಲಿ ಭಾಗವಹಿಸುವ ನಾಗರಿಕರಿಗೆ ಮಾಹಿತಿ

ಗೃಹ ಸಾಲದ ಕಂತುಗಳು ಪಾವತಿಯಾಗದ ಕಾರಣ ಬ್ಯಾಂಕುಗಳು ಸ್ವಾಧೀನಕ್ಕೆ ತೆಗೆದುಕೊಂಡು ಹರಾಜಿಗೆ ಇಡುವ ಮನೆ ಹಾಗೂ ಫ್ಲ್ಯಾಟುಗಳನ್ನು ಖರೀದಿಸಿದ ನಾಗರಿಕರು ಮಾರಾಟ ಪ್ರಮಾಣ ಪತ್ರದೊಂದಿಗೆ ಉಪ ನೋಂದಣಾಧಿಕಾರಿಗಳ ಕಚೇರಿಗೆ ಬಂದಾಗ ಕೇಳುವ ಪ್ರಶ್ನೆಗಳಲ್ಲಿ ಹಲವು, ಹರಾಜಿಗೆ ಮುಂಚೆ ಆ ಮನೆಯ ಬಾಗಿಲಲ್ಲಿಯೇ ಕೇಳಬೇಕಾದಂಥವು. ಛಾವಣಿ ಸೋರುತ್ತಿದೆ, ವಿದ್ಯುತ್ ಬಾಕಿ ಇದೆ, ಒಳಗಿನ ಕೊಠಡಿಯನ್ನು ತೋರಿಸಿಯೇ ಇರಲಿಲ್ಲ ಎಂಬ ದೂರುಗಳಿಗೆ ನೋಂದಣಿ ಹಂತದಲ್ಲಿ ಪರಿಹಾರ ನೀಡಲು ಅವಕಾಶವಿರುವುದಿಲ್ಲ. ಆದ್ದರಿಂದ ಪರಿವೀಕ್ಷಣೆಯ ಬಗ್ಗೆ ಈ ಕೆಳಕಂಡ ವಿವರಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ನೀಡಲಾಗಿದೆ.

ಸ್ವಾಧೀನ ಯಾವ ಬಗೆಯದು

ಇಂತಹ ಮನೆಗಳನ್ನು ‘ಬ್ಯಾಂಕಿನ ಮನೆ’ ಎಂದು ಕರೆಯುವುದು ರೂಢಿಯಾದರೂ, ಸಾಮಾನ್ಯವಾಗಿ ಬ್ಯಾಂಕು ಮಾಲೀಕನಾಗಿರುವುದಿಲ್ಲ. ಸರ್ಫೇಸಿ ಅಧಿನಿಯಮ, 2002ರ ಕಲಂ 13(2)ರಂತೆ 60 ದಿನಗಳ ಬೇಡಿಕೆ ನೋಟೀಸು ನೀಡಿ, ಸಾಲ ತೀರದಿದ್ದಲ್ಲಿ ಕಲಂ 13(4)ರಂತೆ ಸ್ವಾಧೀನ ಪಡೆದು, ಸಾಲಗಾರನ ಆಸ್ತಿಯನ್ನು ಮಾರುವ ಅಧಿಕಾರ ಮಾತ್ರ ಬ್ಯಾಂಕಿಗೆ ಇರುತ್ತದೆ.

ಸ್ವಾಧೀನದಲ್ಲಿ ಎರಡು ಬಗೆಗಳಿವೆ. ಪ್ರಕಟಣೆಯನ್ನು ಗೋಡೆಗೆ ಅಂಟಿಸಿ, ಏಳು ದಿನಗಳೊಳಗೆ ಎರಡು ಪತ್ರಿಕೆಗಳಲ್ಲಿ ಪ್ರಚುರಪಡಿಸಿದ್ದು, ಮನೆಯವರು ಇನ್ನೂ ಒಳಗೇ ವಾಸವಿದ್ದರೆ ಅದು ಸಾಂಕೇತಿಕ ಸ್ವಾಧೀನ. ಬೀಗದ ಕೈ ಬ್ಯಾಂಕಿನ ಪ್ರಾಧಿಕೃತ ಅಧಿಕಾರಿಯ ಬಳಿ ಇದ್ದರೆ ಅದು ಭೌತಿಕ ಸ್ವಾಧೀನ. ಹರಾಜು ಪ್ರಕಟಣೆಯಲ್ಲಿ ಈ ಒಂದು ಪದವನ್ನು ಮೊದಲು ಹುಡುಕತಕ್ಕದ್ದು. ಸಾಂಕೇತಿಕ ಸ್ವಾಧೀನದ ಮನೆಯನ್ನು ಹೊರಗಿನಿಂದ ಮಾತ್ರ ನೋಡಲು ಸಾಧ್ಯವಾಗುವ ಸಂದರ್ಭಗಳೇ ಹೆಚ್ಚು. ಒಳಗಿರುವವರು ಒಪ್ಪದ ಹೊರತು ಪ್ರವೇಶಿಸುವ ಹಕ್ಕು ಬಿಡ್ಡುದಾರರಿಗೆ ಇಲ್ಲ, ಒತ್ತಾಯಿಸುವುದೂ ಸಲ್ಲದು. ವಾಸವಿರುವವರು ಬಾಡಿಗೆದಾರರಾಗಿದ್ದಲ್ಲಿ ಅವರ ಹಕ್ಕನ್ನು ಸಾಲ ವಸೂಲಾತಿ ನ್ಯಾಯಾಧಿಕರಣವು ಪರಿಶೀಲಿಸಬಹುದಾಗಿರುತ್ತದೆ. ನೋಡದೇ ಇರುವ ಮನೆಗೆ ನೋಡಿದ ಮನೆಯ ಬೆಲೆಯನ್ನು ಕೂಗುವವರು ಈ ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಮನೆ ಹಾಳಾಗಲು ಕಾರಣ

ಕಂತು ಕಟ್ಟಲಾಗದ ಕುಟುಂಬವು ಮನೆಗೆ ಸುಣ್ಣ ಬಣ್ಣ ಮಾಡಿಸುವುದನ್ನೂ ಛಾವಣಿ ದುರಸ್ತಿಯನ್ನೂ ಬಹಳ ಮುಂಚೆಯೇ ನಿಲ್ಲಿಸಿರುತ್ತದೆ. ತರುವಾಯ ನೋಟೀಸಿನ ಅವಧಿ, ಕಲಂ 14ರಡಿ ಜಿಲ್ಲಾ ದಂಡಾಧಿಕಾರಿಗಳ ಅಥವಾ ಮುಖ್ಯ ನ್ಯಾಯಿಕ ದಂಡಾಧಿಕಾರಿಗಳ ನೆರವು, ನ್ಯಾಯಾಧಿಕರಣದ ತಡೆಯಾಜ್ಞೆಗಳು, ಬಿಡ್ಡುದಾರರಿಲ್ಲದೆ ವಿಫಲವಾದ ಹರಾಜುಗಳು ಇವುಗಳಲ್ಲಿ ಒಂದೆರಡು ಮಳೆಗಾಲಗಳು ಕಳೆಯುವುದುಂಟು. ಮುಚ್ಚಿದ ಮನೆಗೆ ಗಾಳಿಯಾಡುವುದಿಲ್ಲ. ಕಸ ಕಟ್ಟಿಕೊಂಡ ತಾರಸಿಯ ಕೊಳವೆಯನ್ನು ಬಿಡಿಸುವವರಿರುವುದಿಲ್ಲ. ನಿಂತ ನೀರು ಛಾವಣಿಗೆ ಇಳಿಯುತ್ತದೆ.

ಆದರೆ ಇದು ಬ್ಯಾಂಕಿನ ಹೊಣೆಯಿಂದ ಹೊರತಾದುದಲ್ಲ. ಭದ್ರತಾ ಹಿತಾಸಕ್ತಿ ಜಾರಿ ನಿಯಮಗಳು, 2002ರ ನಿಯಮ 8ರಂತೆ, ಸ್ವಾಧೀನದಲ್ಲಿರುವ ಆಸ್ತಿಯನ್ನು ಸಾಮಾನ್ಯ ವಿವೇಕವುಳ್ಳ ಮಾಲೀಕನೊಬ್ಬನು ನೋಡಿಕೊಳ್ಳುವಷ್ಟು ಎಚ್ಚರದಿಂದ ನೋಡಿಕೊಳ್ಳತಕ್ಕದ್ದು. ಇದರಿಂದ ಸಾಲಗಾರನಿಗೂ ಸಂಬಂಧವಿದೆ. ಮನೆಯು ಸಾಲಕ್ಕಿಂತ ಹೆಚ್ಚು ಬೆಲೆಗೆ ಹೋದರೆ ವೆಚ್ಚ ಕಳೆದು ಉಳಿದ ಹಣವು ಅದಕ್ಕೆ ಹಕ್ಕುಳ್ಳವರಿಗೆ, ಸಾಮಾನ್ಯವಾಗಿ ಸಾಲಗಾರನಿಗೇ, ಸಲ್ಲಬೇಕು. ಕಡಿಮೆ ಬೆಲೆಗೆ ಹೋದರೆ ಉಳಿದ ಬಾಕಿಯನ್ನು ಆತನಿಂದಲೇ ವಸೂಲು ಮಾಡಬಹುದು. ಕತ್ತಲೆಯ ಕೊಠಡಿಯಲ್ಲಿ ಟಾರ್ಚು ಹಿಡಿದು ಐದು ನಿಮಿಷ ತೋರಿಸಿದ ಮನೆಗೆ ಬರುವ ಬೆಲೆಯು, ಮನೆ ಕಳೆದುಕೊಂಡ ಕುಟುಂಬದ ತಲೆಯ ಮೇಲೆ ಸಾಲವಾಗಿ ಉಳಿಯಬಹುದಾದ ಬೆಲೆಯೂ ಆಗಿದೆ. ಹಿಂದಿನ ದಿನವೇ ಕಿಟಕಿ ತೆರೆದು, ಕಸ ಗುಡಿಸಿ, ಎಲ್ಲಾ ಕೊಠಡಿಗಳ ಬೀಗದ ಕೈಗಳನ್ನು ತರುವ ವೆಚ್ಚ ಅತ್ಯಲ್ಪ. ಅದನ್ನು ಮಾಡದಿರುವುದಕ್ಕೆ ಸಮರ್ಥನೆ ಕಾಣುವುದಿಲ್ಲ.

ಪರಿವೀಕ್ಷಣೆಯ ದಿನ

ಹರಾಜು ಪ್ರಕಟಣೆಯಲ್ಲಿ ಸಾಮಾನ್ಯವಾಗಿ ಪರಿವೀಕ್ಷಣೆಯ ದಿನಾಂಕ, ವೇಳೆ ಮತ್ತು ಸಂಪರ್ಕಿಸಬೇಕಾದ ಅಧಿಕಾರಿಯ ವಿವರ ಇರುತ್ತದೆ. ಮೊದಲ ಹರಾಜಿಗೆ ಪ್ರಕಟಣೆಯಿಂದ ಕನಿಷ್ಠ 30 ದಿನಗಳೂ, ಅದು ವಿಫಲವಾಗಿ ಮತ್ತೆ ನಡೆಸುವ ಹರಾಜಿಗೆ ಕನಿಷ್ಠ 15 ದಿನಗಳೂ ಇರಬೇಕು. ದಿನಾಂಕ ನಮೂದಾಗಿಲ್ಲದಿದ್ದಲ್ಲಿ ಲಿಖಿತವಾಗಿ ಕೋರತಕ್ಕದ್ದು. ಹಗಲಿನಲ್ಲಿಯೇ, ಸಾಧ್ಯವಾದರೆ ಮಳೆ ಬಿದ್ದ ಮರುದಿನ, ಪರಿಚಿತ ಸಿವಿಲ್ ಇಂಜಿನಿಯರ್ ಅಥವಾ ಅನುಭವಿ ಮೇಸ್ತ್ರಿಯೊಬ್ಬರೊಂದಿಗೆ ಹೋಗುವುದು ಸೂಕ್ತ. ಟಾರ್ಚು ಹಾಗೂ ಒಂದು ಕೊಡ ನೀರು ಜೊತೆಯಲ್ಲಿರಲಿ.

ನೀರೇಕೆ ಎಂದರೆ, ಬಹುಕಾಲ ಮುಚ್ಚಿದ ಮನೆಯ ಶೌಚಾಲಯ ಮತ್ತು ಸ್ನಾನದ ಮನೆಯ ಕೊಳವೆಗಳ ಬಾಗಿನಲ್ಲಿ ನಿಲ್ಲಬೇಕಾದ ನೀರು ಆವಿಯಾಗಿ ಹೋಗಿ, ಚರಂಡಿಯ ವಾಸನೆ ನೇರವಾಗಿ ಒಳಗೆ ಬರುತ್ತದೆ. ಬಂದವರಲ್ಲಿ ಅರ್ಧದಷ್ಟು ಜನ ಮೂಗು ಮುಚ್ಚಿಕೊಂಡು ಬಾಗಿಲಿನಿಂದಲೇ ಹಿಂದಿರುಗಿದರೂ ಆಶ್ಚರ್ಯವಿಲ್ಲ. ಒಂದು ಕೊಡ ನೀರು ಸುರಿದು ಸ್ವಲ್ಪ ಹೊತ್ತು ಕಾದರೆ ವಾಸನೆ ತಗ್ಗುತ್ತದೆ. ತಗ್ಗದಿದ್ದರೆ ಮಾತ್ರ ಅದು ದೋಷ.

ಧೂಳು, ಜೇಡರ ಬಲೆ, ಮುರಿದ ಗಾಜು, ಕಿತ್ತುಕೊಂಡು ಹೋದ ನಲ್ಲಿಗಳು, ಇವು ಕಣ್ಣಿಗೆ ರಾಚುತ್ತವೆ; ವೆಚ್ಚ ಮಾತ್ರ ಹೆಚ್ಚಿಲ್ಲ. ಹೆಚ್ಚು ವೆಚ್ಚ ತರುವವು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಛಾವಣಿಯ ಒಳಮೈಯಲ್ಲಿ ಉದ್ದಕ್ಕೆ ತುಕ್ಕಿನ ಬಣ್ಣದ ಗೆರೆಗಳಿದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದಿರುವ ಸೂಚನೆ. ಗೋಡೆಯ ಬುಡದಲ್ಲಿ ಬಿಳಿಯ ಉಪ್ಪು ಹೊಮ್ಮಿದ್ದರೆ ತೇವ ಏರುತ್ತಿದೆ ಎಂದರ್ಥ. ಕಿಟಕಿಯ ಮೂಲೆಯಿಂದ ಓರೆಯಾಗಿ ಸಾಗಿ, ನಾಣ್ಯದ ಅಂಚು ತೂರುವಷ್ಟು ಅಗಲವಿರುವ ಬಿರುಕನ್ನು ಇಂಜಿನಿಯರರೇ ನೋಡಬೇಕು. ಗಾರೆಯ ಮೇಲಿನ ಕೂದಲೆಳೆಯ ಬಿರುಕುಗಳು ಬಹುಮಟ್ಟಿಗೆ ಮೇಲುಮೇಲಿನವು. ಬಾಗಿಲ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಗೆದ್ದಲನ್ನು ಶಂಕಿಸತಕ್ಕದ್ದು. ಇಡೀ ಮನೆ ಕೊಳೆಯಾಗಿದ್ದು ಒಂದು ಗೋಡೆಗೆ ಮಾತ್ರ ಹೊಸ ಬಣ್ಣವಿದ್ದಲ್ಲಿ ಅದಕ್ಕೆ ಕಾರಣವನ್ನು ಕೇಳಬೇಕು.

ತಾರಸಿ, ನೀರಿನ ತೊಟ್ಟಿ, ಸಂಪು ಮತ್ತು ವಿದ್ಯುತ್ ಮೀಟರನ್ನು ನೋಡದೆ ಹಿಂದಿರುಗಬಾರದು. ಒಳಗೆ ಉಳಿದಿರುವ ಮಂಚ, ಬೀರು ಮುಂತಾದ ಚರ ವಸ್ತುಗಳು ಪ್ರಕಟಣೆಯಲ್ಲಿ ಹೇಳದ ಹೊರತು ಮಾರಾಟದಲ್ಲಿ ಸೇರಿವೆಯೆಂದು ಭಾವಿಸತಕ್ಕದ್ದಲ್ಲ. ಅಧಿಕಾರಿಯ ಅನುಮತಿ ಪಡೆದು ಪ್ರತಿ ಕೊಠಡಿಯ ಛಾಯಾಚಿತ್ರ ತೆಗೆದುಕೊಂಡು, ಬೀಗ ತೆರೆಯಲಾಗದ ಕೊಠಡಿಯನ್ನು ಬರೆದಿಟ್ಟುಕೊಳ್ಳತಕ್ಕದ್ದು.

‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ’

ಹರಾಜು ಪ್ರಕಟಣೆಗಳಲ್ಲಿ ಕಾಣುವ ಈ ಷರತ್ತಿನಿಂದಾಗಿ, ಕಣ್ಣಿಗೆ ಕಾಣುವ ದೋಷಗಳಿಗಾಗಿ ನಂತರ ಬೆಲೆ ಇಳಿಸಿರೆಂದು ಕೇಳಲು ಬರುವುದಿಲ್ಲ. ಷರತ್ತು ಗೋಡೆಗಳಿಗಷ್ಟೇ ಸೀಮಿತವೂ ಅಲ್ಲ. ವಿದ್ಯುತ್ ಸರಬರಾಜು ನಿಯಮಗಳಲ್ಲಿ ಅವಕಾಶವಿದ್ದಲ್ಲಿ, ಹಿಂದಿನ ಮಾಲೀಕರ ಬಾಕಿಯನ್ನು ಹರಾಜಿನ ಖರೀದಿದಾರರಿಂದ ಕೇಳಬಹುದೆಂದು ಸರ್ವೋಚ್ಚ ನ್ಯಾಯಾಲಯವು 2023ರ ಮೇ ತಿಂಗಳಿನಲ್ಲಿ, ಕೇರಳ ರಾಜ್ಯ ವಿದ್ಯುತ್ ಮಂಡಳಿಗೆ ಸಂಬಂಧಿಸಿದ ಕೆ.ಸಿ. ನೈನಾನ್ ಪ್ರಕರಣದಲ್ಲಿ ತೀರ್ಪು ನೀಡಿದೆ. ಆದುದರಿಂದ ವಿದ್ಯುತ್, ನೀರು, ಆಸ್ತಿ ತೆರಿಗೆ, ಫ್ಲ್ಯಾಟಾಗಿದ್ದಲ್ಲಿ ಮಾಲೀಕರ ಸಂಘದ ನಿರ್ವಹಣಾ ಶುಲ್ಕ, ಇವುಗಳ ಬಾಕಿಯನ್ನು ಹರಾಜಿಗೆ ಮುಂಚೆಯೇ ವಿಚಾರಿಸತಕ್ಕದ್ದು.

ಮತ್ತೊಂದು ಕಡೆ, ತನಗೆ ತಿಳಿದಿರುವ ಋಣಭಾರಗಳನ್ನೂ, ಆಸ್ತಿಯ ಸ್ವರೂಪ ಮತ್ತು ಮೌಲ್ಯವನ್ನು ಅಳೆಯಲು ಖರೀದಿದಾರನಿಗೆ ಮುಖ್ಯವೆಂದು ತಾನು ಪರಿಗಣಿಸುವ ಸಂಗತಿಗಳನ್ನೂ ಪ್ರಾಧಿಕೃತ ಅಧಿಕಾರಿಯು ಮಾರಾಟ ಪ್ರಕಟಣೆಯಲ್ಲಿ ತಿಳಿಸಬೇಕೆಂದು ನಿಯಮ 8 ಹೇಳುತ್ತದೆ. ಸಂದೇಹಗಳನ್ನು ಬಾಯಿಮಾತಿನಲ್ಲಿ ಕೇಳದೆ ಪತ್ರ ಅಥವಾ ಇ-ಮೇಲ್ ಮೂಲಕ ಕೇಳಿ ಉತ್ತರವನ್ನು ಇಟ್ಟುಕೊಳ್ಳುವುದು ಈ ಕಾರಣಕ್ಕಾಗಿ.

ಹಣ ಮತ್ತು ದಾಖಲೆ

ಬಿಡ್ಡು ಒಪ್ಪಿತವಾದ ಮೇಲೆ ಹಿಂದೆ ಸರಿಯುವುದು ದುಬಾರಿ. ಉದಾಹರಣೆಗೆ 42 ಲಕ್ಷ ರೂಪಾಯಿಗಳಿಗೆ ಮನೆ ಸಂದಾಯವಾದರೆ, ಮುಂಗಡ ಠೇವಣಿಯೂ ಸೇರಿ ಶೇಕಡ 25ರಷ್ಟು, ಅಂದರೆ 10.5 ಲಕ್ಷ ರೂಪಾಯಿಗಳನ್ನು ಅದೇ ದಿನ ಅಥವಾ ಮರು ಕೆಲಸದ ದಿನದೊಳಗೆ ಕಟ್ಟಬೇಕು. ಉಳಿದ 31.5 ಲಕ್ಷ ರೂಪಾಯಿಗಳಿಗೆ ಮಾರಾಟ ದೃಢೀಕರಣದಿಂದ 15 ದಿನ; ಬ್ಯಾಂಕು ಲಿಖಿತವಾಗಿ ಒಪ್ಪಿದರೆ ಗರಿಷ್ಠ ಮೂರು ತಿಂಗಳವರೆಗೆ ವಿಸ್ತರಣೆ. ತಪ್ಪಿದಲ್ಲಿ ಕಟ್ಟಿದ ಹಣ ಮುಟ್ಟುಗೋಲಾಗುತ್ತದೆ. ಇಂತಹ ಮುಟ್ಟುಗೋಲನ್ನು ಸರ್ವೋಚ್ಚ ನ್ಯಾಯಾಲಯವು 2024ರ ಫೆಬ್ರವರಿಯಲ್ಲಿ ಎತ್ತಿಹಿಡಿದಿದೆ. ಸಾಲ ಮಾಡಿ ಖರೀದಿಸುವವರು, ಸಾಲ ನೀಡುವ ಸಂಸ್ಥೆಯ ಮೌಲ್ಯಮಾಪಕರೂ ಮನೆಯೊಳಗೆ ಹೋಗಿ ನೋಡಬೇಕಾಗುತ್ತದೆ ಎಂಬುದನ್ನು ಮರೆಯಬಾರದು. ಪಾಳುಬಿದ್ದ ಮನೆಗೆ ಅವರು ಕಟ್ಟುವ ಬೆಲೆ ಬಿಡ್ಡಿನ ಮೊತ್ತಕ್ಕಿಂತ ಕಡಿಮೆಯಾಗಬಹುದು.

ಪರಿವೀಕ್ಷಣೆಗೆ ಹೋಗುವ ಮುಂಚೆ ಕಾವೇರಿ ತಂತ್ರಾಂಶದ ಮೂಲಕ ಋಣಭಾರ ಪ್ರಮಾಣ ಪತ್ರಕ್ಕೆ ಅರ್ಜಿ ಸಲ್ಲಿಸಬಹುದು. ವಹಿವಾಟುಗಳಿದ್ದರೆ ನಮೂನೆ 15ರಲ್ಲಿಯೂ ಇಲ್ಲದಿದ್ದರೆ ನಮೂನೆ 16ರಲ್ಲಿಯೂ ಅದು ದೊರೆಯುತ್ತದೆ. ಅದರಲ್ಲಿನ ಚಕ್ಕುಬಂದಿಯನ್ನು ಸ್ಥಳದಲ್ಲಿ ನಿಂತು ನಾಲ್ಕೂ ದಿಕ್ಕಿಗೆ ತಾಳೆ ನೋಡತಕ್ಕದ್ದು; ಬೀಗ ತೆರೆದು ತೋರಿಸಿದ ಮನೆಯೇ ಪ್ರಕಟಣೆಯಲ್ಲಿರುವ ಮನೆ ಎಂಬುದು ಆಗ ಮಾತ್ರ ಖಚಿತವಾಗುತ್ತದೆ. ಪೂರ್ಣ ಹಣ ಪಾವತಿಯಾಗಿ ಮಾರಾಟ ಪ್ರಮಾಣ ಪತ್ರ ದೊರೆತ ನಂತರ, ಸ್ವಾಧೀನ ಪಡೆಯುವ ದಿನ ಪರಿವೀಕ್ಷಣೆಯ ಛಾಯಾಚಿತ್ರಗಳನ್ನು ಜೊತೆಗೆ ಒಯ್ದು ಕೊಠಡಿವಾರು ಹೋಲಿಸಿ, ಕಾಣೆಯಾದ ಅಥವಾ ಹೊಸದಾಗಿ ಹಾನಿಗೊಂಡ ವಸ್ತುಗಳನ್ನು ಹಸ್ತಾಂತರ ಪತ್ರದಲ್ಲಿ ನಮೂದಿಸಿದ ಮೇಲೆಯೇ ಸಹಿ ಮಾಡತಕ್ಕದ್ದು.